ಎಲ್ಲಿ ಮಣ್ಣು? ರಾಮನಗರ ಸೀಮೆಯಲ್ಲಿ ಊರ ಸ್ಮಶಾನ ನಡೆದುಬಂದ ದಾರಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ಸಾವಿನ ಸುದ್ದಿ ಬಂದಾಗ ಜನ ಕೇಳುವ ಪ್ರಶ್ನೆ ಎರಡು: ಎಷ್ಟೊತ್ತಿಗೆ ಮಣ್ಣು? ಎಲ್ಲಿ ಮಣ್ಣು? ಶವಸಂಸ್ಕಾರಕ್ಕೆ ಹೋಗುವುದನ್ನು ಇಲ್ಲಿ ‘ಮಣ್ಣಿಗೆ ಹೋಗುವುದು’ ಎಂದೇ ಕರೆಯುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ದೂರದ ನೆಂಟರು ಬಂದು ಮುಟ್ಟುವ ಹೊತ್ತಿನ ಮೇಲೆ ನಿಂತಿದೆ. ಎರಡನೆಯದಕ್ಕೆ ಸಿಗುವ ಉತ್ತರದಲ್ಲಿ ಸತ್ತವರ ಬದುಕಿನ ನೆಲೆಯೇ ಕಾಣುತ್ತದೆ. ‘ನಮ್ಮ ಹೊಲದಲ್ಲೇ’ ಎನ್ನುವವರಿಗೆ ಜಮೀನಿದೆ. ‘ಖಬರಸ್ತಾನದಲ್ಲಿ’ ಅಥವಾ ‘ಚರ್ಚಿನ ಸಮಾಧಿಭೂಮಿಯಲ್ಲಿ’ ಎನ್ನುವವರಿಗೆ ಬೆನ್ನಿಗೆ ಸಮುದಾಯವಿದೆ. ಈ ಎರಡೂ ಇಲ್ಲದವರಿಗೆ ಉಳಿಯುವ ಉತ್ತರ ‘ಊರ ಸ್ಮಶಾನದಲ್ಲಿ’. ಆ ಊರ ಸ್ಮಶಾನ ಯಾರದು, ಅದು ಊರಿನ ಹೊಣೆಯಾದದ್ದು ಹೇಗೆ ಎಂಬುದೇ ಈ ಲೇಖನದ ವಿಷಯ. ಶಾಸನ, ಗ್ಯಾಸೆಟಿಯರ್, ಕಂದಾಯ ನಿಯಮ ಮತ್ತು ಪೌರಾಡಳಿತದ ಕಾನೂನುಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಇಲ್ಲಿ ಸಮಾಧಿಗಳು ಬಹಳ ಹಳೆಯವು, ಸಾರ್ವಜನಿಕ ಸ್ಮಶಾನ ತೀರಾ ಈಚಿನದು.

ಸಾವನದುರ್ಗದ ಕಲ್ಲುಮನೆಗಳು

ಈ ಸೀಮೆಯ ಅತಿ ಹಳೆಯ ಸ್ಮಶಾನಗಳಲ್ಲೊಂದು ಮಾಗಡಿ ತಾಲ್ಲೂಕಿನ ಸಾವನದುರ್ಗದ ಆಸುಪಾಸಿನಲ್ಲಿದೆ. ಅಲ್ಲಿನ ಬೃಹತ್ ಶಿಲಾಯುಗದ ಗೋರಿಗಳ ಕುರಿತು ಬ್ರಾನ್‌ಫಿಲ್ ಎಂಬ ಸೇನಾಧಿಕಾರಿ ಬರೆದ ಲೇಖನವನ್ನು 1881ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪ್ರಕಟಿಸಿತು. ಇಂಥ ಗೋರಿಗಳಲ್ಲಿ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಕಲ್ಲು ಹೊದಿಸಿ, ಒಳಗೆ ಮಡಕೆ ಕುಡಿಕೆಗಳ ಜೊತೆ ಸತ್ತವರ ಎಲುಬನ್ನು ಇಡುತ್ತಿದ್ದರು. ಕರ್ನಾಟಕದ ಹಳ್ಳಿಗರು ಇವನ್ನು ಕೆಲವೆಡೆ ಪಾಂಡವರ ಮನೆ, ಕೆಲವೆಡೆ ಮೋರೇರ ಮನೆ ಎನ್ನುತ್ತಾರೆ. ಒಂದು ಚಪ್ಪಡಿ ಎಬ್ಬಿಸಿ ನಿಲ್ಲಿಸಲು ಹತ್ತಾರು ಜನರ ತೋಳಬಲ ಬೇಕು. ಸತ್ತವರನ್ನು ಊರೇ ಸೇರಿ ಕಳಿಸಿಕೊಡುವ ರೂಢಿ ಎಷ್ಟು ಹಿಂದಿನದೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಆದರೆ ಅಷ್ಟು ಜನರ ಶ್ರಮ ಎಲ್ಲರ ಸಾವಿಗೂ ಒದಗಿರಲಾರದು.

ಇದೇ ಬೆಟ್ಟದ ಹೆಸರನ್ನು ಜನ ‘ಸಾವಿನ ದುರ್ಗ’ ಎಂದೂ ಅರ್ಥಮಾಡಿಕೊಂಡದ್ದುಂಟು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಕೋಟೆಯನ್ನು ಹಿಡಿದಾಗ ಆ ಹೆಸರಿಗೆ ಇನ್ನಷ್ಟು ಕಾರಣ ಸಿಕ್ಕಿತು. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗ ಮೈಸೂರು ಅರಸರ ಕಾಲದಲ್ಲಿ ಸೆರೆಮನೆಯಾಗಿತ್ತು. ಅಲ್ಲಿಗೆ ಹೋದವರು ತಿರುಗಿ ಬರುವುದು ವಿರಳವೆಂಬ ಮಾತಿತ್ತು. ಯುದ್ಧದಲ್ಲಿ, ಸೆರೆಯಲ್ಲಿ ಸತ್ತ ಸಾಮಾನ್ಯರಿಗೆ ಗುರುತಿನ ಕಲ್ಲಿಲ್ಲ.

ಹೆಸರಿದ್ದವರ ಸಮಾಧಿ

ಗುರುತು ಉಳಿದದ್ದು ಹೆಸರಿದ್ದವರಿಗೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟ ಅಂದಿನ ಬೆಂಗಳೂರು ಜಿಲ್ಲೆಯದು. 1905ರಲ್ಲಿ ಹೊರಬಂದ ಈ ಸಂಪುಟದಲ್ಲಿ ಚನ್ನಪಟ್ಟಣ, ಕಾನಕಾನಹಳ್ಳಿ ಎಂದು ಕರೆಯುತ್ತಿದ್ದ ಕನಕಪುರ, ಮಾಗಡಿ ತಾಲ್ಲೂಕುಗಳ ಶಾಸನಗಳು ಸೇರಿವೆ. ವೀರಗಲ್ಲು, ಮಾಸ್ತಿಕಲ್ಲುಗಳು ಹೇಳುವುದು ಹೋರಾಡಿ ಮಡಿದವರ, ಗಂಡನ ಚಿತೆಯೇರಿದವರ ಕಥೆಯನ್ನು. ಜ್ವರದಲ್ಲಿ ಸತ್ತ ಕೂಲಿಯವನಿಗೆ, ಹೆರಿಗೆಯಲ್ಲಿ ಹೋದ ಹೆಂಗಸಿಗೆ ಕಲ್ಲು ನೆಡುವ ರೂಢಿ ಇರಲಿಲ್ಲ.

2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಶಾಸನವಿರುವ ಸಮಾಧಿ ಮಂಟಪವೊಂದು ಬೆಳಕಿಗೆ ಬಂತು. ಅದು ಬೆಂಗಳೂರು ಕಟ್ಟಿದ ಕೆಂಪೇಗೌಡರದೆಂದು ಗುರುತಿಸಲಾಯಿತು. ನಾಡಪ್ರಭುವಿನ ಸಮಾಧಿಯೇ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಹೊರಜಗತ್ತಿಗೆ ತಿಳಿಯದೆ ಉಳಿಯಬಹುದಾದರೆ ಉಳಿದವರ ಪಾಡು ಊಹಿಸಬಹುದು. ಚನ್ನಪಟ್ಟಣದ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆ ಎಂದು ರೈಸ್ ತಮ್ಮ ಮೈಸೂರು ಗ್ಯಾಸೆಟಿಯರ್‌ನಲ್ಲಿ ದಾಖಲಿಸುತ್ತಾರೆ. ಅವರ ಪ್ರಕಾರ ಒಂದು ಟಿಪ್ಪು ಸುಲ್ತಾನನ ಧರ್ಮಗುರು ಅಖಿಲ್ ಶಾ ಖಾದ್ರಿಯವರದು, ಇನ್ನೊಂದು ಸೆರೆಯಾಳುಗಳನ್ನು ದಯೆಯಿಂದ ಕಂಡ ಸೈಯದ್ ಇಬ್ರಾಹಿಂ ಅವರದು. ಅರಸರ, ಗುರುಗಳ ಸಮಾಧಿಗೆ ಇನಾಮು, ಭಕ್ತಿ, ಉರುಸುಗಳ ಕಾವಲಿತ್ತು. ಮಿಕ್ಕವರು ಕೆರೆಯಂಚಿಗೆ, ಹಳ್ಳದ ದಡಕ್ಕೆ, ಊರಾಚೆಯ ಬೀಳಿಗೆ ಹೋದರು.

ಖರಾಬು ಎಂಬ ಕಾಲಂ

ಆ ಬೀಳಿಗೆ ಸರ್ಕಾರದ ಕಾಗದದಲ್ಲಿ ಮೊದಲು ಜಾಗ ಕೊಟ್ಟದ್ದು ಭೂಮಾಪನ. ಸರ್ವೆಯ ಕಣ್ಣಿಗೆ ನೆಲವೆಂದರೆ ಕಂದಾಯ. ಉಳಲಾಗದ ನೆಲ ಖರಾಬು. ಕರ್ನಾಟಕ ಭೂಕಂದಾಯ ನಿಯಮ 1966ರ 21ನೇ ನಿಯಮ ಈ ಖರಾಬನ್ನು ಎರಡಾಗಿ ಒಡೆಯುತ್ತದೆ. ಬೇಸಾಯಕ್ಕೆ ಬಾರದ ನೆಲ ‘ಎ’ ಖರಾಬು. ದಾರಿ, ಹಳ್ಳ, ಕೆರೆ, ಹೂಳುವ ಸುಡುವ ಜಾಗ ಮತ್ತು ಊರ ಕುಂಬಾರರು ಮಡಕೆ ಮಾಡುವ ಜಾಗ ‘ಬಿ’ ಖರಾಬು. ಕುಂಬಾರನ ಮಣ್ಣು, ಹೆಣದ ಮಣ್ಣು ಎರಡೂ ಒಂದೇ ಕಾಲಂನಲ್ಲಿ ಕೂತಿವೆ. ಶವಯಾತ್ರೆಯ ಮುಂದೆ ಹಿಡಿದು ನಡೆಯುವ ಮಡಕೆ ಕುಂಬಾರನ ಜಾಗದಲ್ಲಿ ಹುಟ್ಟಿ ಸ್ಮಶಾನದಲ್ಲಿ ಒಡೆಯುತ್ತದೆ. ಈ ಎರಡು ಜಾಗ ಊರಿನ ಬದುಕಿಗೆ ಸಮಾನವಾಗಿ ಬೇಕಾದವೆಂದು ನಿಯಮ ಒಪ್ಪಿಕೊಂಡಿದೆ.

‘ಬಿ’ ಖರಾಬು ಯಾರ ಸ್ವಂತ ಆಸ್ತಿಯೂ ಅಲ್ಲ. ಅದೇ ಅದರ ಬಲ, ಅದೇ ಅದರ ದೌರ್ಬಲ್ಯ. ಕಂದಾಯವಿಲ್ಲದ್ದರಿಂದ ವರ್ಷವರ್ಷ ವಿಚಾರಿಸುವವರಿಲ್ಲ. ಬದಿಯ ಹೊಲದವರು ಒಂದೊಂದು ಸಾಲು ಒತ್ತಿಕೊಂಡರೆ ಕೇಳುವ ವಾರಸುದಾರರಿಲ್ಲ. ಕಾಗದದಲ್ಲಿ ಇರುವ ಸ್ಮಶಾನ ನೆಲದ ಮೇಲೆ ಕರಗಿಹೋಗುವುದು ಹೀಗೆ.

ಬರ, ರೈಲು, ಪ್ಲೇಗು

ಸ್ಮಶಾನ ಊರಿನ ಆಡಳಿತದ ವಿಷಯವಾದದ್ದು ಸಾವು ಮಿತಿಮೀರಿದಾಗ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರವರೆಗಿನ ಕ್ಷಾಮ, ಮೈಸೂರು ಸಂಸ್ಥಾನವನ್ನೇ ಹಿಂಡಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50,55,412. 1881ರಲ್ಲಿ 41,86,188. ಏರಬೇಕಿದ್ದ ಲೆಕ್ಕ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿಯಿತು. ಅಂದು ಕ್ಲೋಸ್‌ಪೇಟೆ ಎನ್ನುತ್ತಿದ್ದ ರಾಮನಗರವನ್ನೂ ಚನ್ನಪಟ್ಟಣವನ್ನೂ ಹಾದುಹೋಗುವ ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣುಕೆಲಸ ಆ ಬರದ ಪರಿಹಾರ ಕಾಮಗಾರಿಯಾಗಿಯೇ ಶುರುವಾಯಿತು. ದಾರಿ ಪೂರ್ತಿಯಾದದ್ದು 1882ರಲ್ಲಿ. ಹೊಟ್ಟೆಗಾಗಿ ಊರು ಬಿಟ್ಟು ಬಂದವರು ದಾರಿಯಲ್ಲೇ ಸತ್ತರೆ ಅವರಿಗೆ ಅಲ್ಲಿ ಹೊಲವಿಲ್ಲ, ಕುಲದವರಿಲ್ಲ. ಪರಊರಿನವರ ಹೆಣವನ್ನು ಯಾರು ಎತ್ತಬೇಕು ಎಂಬ ಪ್ರಶ್ನೆಯನ್ನು ಬರ ಪ್ರತಿ ಊರಿನ ಮುಂದೆ ತಂದಿಟ್ಟಿತು.

ಬರದ ನಂತರ 1898ರಲ್ಲಿ ರೈಲಿನ ಜೊತೆ ಪ್ಲೇಗು ಬೆಂಗಳೂರಿಗೆ ಬಂತು. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ಪ್ಲೇಗಮ್ಮನಿಗೆ ಗುಡಿಗಳಾದವು. ಇಲಿ ಬಿದ್ದ ಮನೆ, ಸತ್ತವರ ಸಂಖ್ಯೆ, ಹೂಳಿದ ಜಾಗ, ಇವೆಲ್ಲ ಅಧಿಕಾರಿಗಳು ವಿಚಾರಿಸಲೇಬೇಕಾದ ಸಂಗತಿಗಳಾದವು. ಜಗತ್ತಿನ ಬೇರೆಡೆಯೂ ಹೀಗೇ ನಡೆದಿತ್ತು. ಪ್ಯಾರಿಸ್ಸಿನಲ್ಲಿ ಚರ್ಚಿನ ಅಂಗಳದ ಹಳೆಯ ಸ್ಮಶಾನಗಳು ತುಂಬಿ ನಾರತೊಡಗಿದ ಮೇಲೆ 1804ರ ಆಜ್ಞೆ ಸ್ಮಶಾನಗಳನ್ನು ಊರಾಡಳಿತಕ್ಕೆ ಒಪ್ಪಿಸಿತು. ಇಂಗ್ಲೆಂಡಿನಲ್ಲಿ ಕಾಲರಾದ ನಂತರ 1850ರ ದಶಕದಲ್ಲಿ ಸಮಾಧಿ ಕಾಯಿದೆಗಳು ಬಂದವು.

ಊರಾಡಳಿತದ ಕರ್ತವ್ಯ

ಮೈಸೂರು ಸಂಸ್ಥಾನದಲ್ಲಿ 1906ರ ಮುನಿಸಿಪಲ್ ರೆಗ್ಯುಲೇಷನ್, ಆಮೇಲೆ 1951ರ ಪುರಸಭೆಗಳ ಕಾಯಿದೆ, ಏಕೀಕರಣದ ನಂತರ 1964ರ ಪೌರಸಭೆಗಳ ಕಾಯಿದೆ, ಇದು ಕಾನೂನಿನ ಸರಣಿ. 1964ರ ಕಾಯಿದೆಯ 87ನೇ ಕಲಂ ಪೌರಸಭೆಯ ಕಡ್ಡಾಯ ಕರ್ತವ್ಯಗಳನ್ನು ಹೇಳುತ್ತದೆ. ದೀಪ, ಚರಂಡಿ, ಕಸ ತೆಗೆಯುವುದರ ಸಾಲಿನಲ್ಲೇ ಶವಸಂಸ್ಕಾರದ ಜಾಗಗಳನ್ನು ಪಡೆಯುವುದು, ನೋಡಿಕೊಳ್ಳುವುದು, ಬದಲಿಸುವುದು, ನಿಯಂತ್ರಿಸುವುದು ಸೇರಿದೆ. ಪೌರಸಭೆ ಇದನ್ನು ಮನಸ್ಸಿದ್ದರೆ ಮಾಡುವುದಲ್ಲ, ಮಾಡಲೇಬೇಕು. ರಾಮನಗರ, ಚನ್ನಪಟ್ಟಣ, ಕನಕಪುರದ ನಗರಸಭೆಗಳಿಗೂ ಮಾಗಡಿಯ ಪುರಸಭೆಗೂ ಈ ಹೊಣೆ ಒಂದೇ.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು 12ನೇ ಅನುಸೂಚಿಯನ್ನು ಸೇರಿಸಿತು. ಅದರ 18 ವಿಷಯಗಳಲ್ಲಿ 14ನೆಯದು ಹೂಳುವ ಜಾಗ, ಸುಡುವ ಜಾಗ ಮತ್ತು ವಿದ್ಯುತ್ ಚಿತಾಗಾರ. ಪಂಚಾಯಿತಿಗಳಿಗಾಗಿ ಸೇರಿದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಸ್ಮಶಾನದ ಹೆಸರೇ ಇಲ್ಲ. ಹಳ್ಳಿಯವರಿಗೆ ಸ್ವಂತ ಹೊಲವಿದೆ ಎಂಬ ಎಣಿಕೆ ಇದರ ಹಿಂದೆ ಇದ್ದಿರಬಹುದು. ಹೊಲವೇ ಇಲ್ಲದ ದಲಿತ ಕುಟುಂಬಗಳು ಹೆಣವಿಟ್ಟುಕೊಂಡು ರಸ್ತೆಯಲ್ಲಿ ಕೂರಬೇಕಾದ ಪ್ರಸಂಗಗಳು ರಾಜ್ಯದಲ್ಲಿ ಮತ್ತೆಮತ್ತೆ ಸುದ್ದಿಯಾದವು. ಸ್ಮಶಾನವಿಲ್ಲದ ಊರುಗಳಿಗೆಲ್ಲ ಜಾಗ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಸರ್ಕಾರಕ್ಕೆ ಆದೇಶಿಸಬೇಕಾಯಿತು.

ಗುಂಡಿಯ ಅಳತೆ, ವಹಿಯ ಸಾಲು

ಕಾಯಿದೆಯಲ್ಲಿ ‘ನಿಯಂತ್ರಿಸುವುದು’ ಎಂಬುದು ಒಂದೇ ಪದ. ನೆಲದ ಮೇಲೆ ಅದು ಹೀಗಿರುತ್ತದೆ. ಒಬ್ಬರ ಗುಂಡಿ ಆರಡಿ ಉದ್ದ, ಮೂರಡಿ ಅಗಲ, ತಲೆ ದಕ್ಷಿಣಕ್ಕೆ. ಲಿಂಗಾಯತರ ಗುಂಡಿ ಚೌಕ, ಆಳ ಹೆಚ್ಚು. ದೇಹವನ್ನು ಕೂರಿಸಿ, ಸುತ್ತ ವಿಭೂತಿ ಗಟ್ಟಿಗಳನ್ನಿಟ್ಟು ಮುಚ್ಚುತ್ತಾರೆ. ಮುಸ್ಲಿಮರ ಗೋರಿಯಲ್ಲಿ ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ. ಎಳೆ ಮಕ್ಕಳನ್ನು ಸುಡುವವರೂ ಹೂಳುತ್ತಾರೆ. ಮೂರನೇ ದಿನ ಮನೆಯವರು ಹಾಲುತುಪ್ಪ ಬಿಡಲು ಬಂದಾಗ ಮಣ್ಣಿನ ದಿಬ್ಬ ಗುರುತು ಸಿಗಬೇಕು, ನಾಯಿ ಕೆದರಿರಬಾರದು. ಬೇಲಿ, ನೀರು, ದಾರಿ ಬೇಕಾಗುವುದು ಇದಕ್ಕೇ.

ಈ ಕೆಲಸ ಮಾಡುವ ಕೈ ಯಾರದು? ಹಳೆಯ ಊರ ವ್ಯವಸ್ಥೆಯಲ್ಲಿ ಸಾವಿನ ಸುದ್ದಿ ಮುಟ್ಟಿಸುವುದು, ಗುಂಡಿ ತೋಡುವುದು ತೋಟಿ, ತಳವಾರರಂಥ ಚಾಕರಿಯವರ ಪಾಲಿಗಿತ್ತು. ಹುಟ್ಟಿನಿಂದ ಅಂಟಿದ ಆ ಚಾಕರಿಯನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಕಾಗದದ ಮೇಲೆ ಕೊನೆಗಾಣಿಸಿತು. ಗುಂಡಿ ತೋಡುವ ಕೈಗಳು ಮಾತ್ರ ಬಹುತೇಕ ಅದೇ ಸಮುದಾಯಗಳವು. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಿಂದ ಈಚೆಗೆ ಕನ್ನಡಿಗರು ಸ್ಮಶಾನ ಕಾಯುವ ಅರಸನಿಗಾಗಿ ಕಣ್ಣೀರಿಟ್ಟಿದ್ದಾರೆ. ದಿನವೂ ಸ್ಮಶಾನ ಕಾಯುವವರಿಗೆ ಸಂಬಳ, ಕೈಗವಸು, ಗೌರವ ಕೊಡುವುದು ಆ ಕಣ್ಣೀರಿನ ಮುಂದುವರಿಕೆಯಾಗಬೇಕು.

ಅವರ ಕೆಲಸಕ್ಕೆ ಇನ್ನೊಂದು ಮುಖವೂ ಇದೆ. 1969ರ ಜನನ ಮರಣ ನೋಂದಣಿ ಕಾಯಿದೆಯ 10ನೇ ಕಲಂ ಸ್ಮಶಾನ ನೋಡಿಕೊಳ್ಳುವವರನ್ನು ಸಾವಿನ ಸುದ್ದಿ ತಿಳಿಸಬೇಕಾದವರ ಪಟ್ಟಿಯಲ್ಲಿ ಸೇರಿಸಿದೆ. ಹಿಂದೆ ತೋಟಿ ಮನೆಮನೆಗೆ ಒಯ್ಯುತ್ತಿದ್ದ ಸುದ್ದಿ ಈಗ ವಹಿಯ ಸಾಲಾಗಿ ಕಚೇರಿಗೆ ಹೋಗಬೇಕು. ಹೆಸರು, ವಯಸ್ಸು, ಲಿಂಗ, ದಿನ, ಜಾಗ. ವೀರಗಲ್ಲು ಸಿಗದವರಿಗೆ ಸಿಗುವ ಶಾಸನ ಈ ಒಂದು ಸಾಲು. ವಾರಸುದಾರರಿಲ್ಲದೆ ಪೊಲೀಸರು ತಂದೊಪ್ಪಿಸಿದ ದೇಹಕ್ಕಂತೂ ಆ ಸಾಲನ್ನು ಬಿಟ್ಟರೆ ಬೇರೆ ಗುರುತೇ ಇರುವುದಿಲ್ಲ.

2021ರ ಪಾಠ

ಬರ, ಪ್ಲೇಗು ಕೇಳಿದ ಪ್ರಶ್ನೆಯನ್ನೇ ಕೋವಿಡ್ ಮತ್ತೆ ಕೇಳಿತು. 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದಾಗ, ಸ್ವಂತ ಜಮೀನಿನಲ್ಲಿ ಅಂತ್ಯಕ್ರಿಯೆ ಮಾಡಲು ಸರ್ಕಾರ ಅನುಮತಿ ಕೊಟ್ಟಿತು. ಜಮೀನಿದ್ದವರಿಗೆ ಅದು ಆಸರೆಯಾಯಿತು, ಇಲ್ಲದವರು ಸರದಿಯಲ್ಲೇ ಉಳಿದರು. ಅದೇ ವರ್ಷದ ಜೂನ್‌ನಲ್ಲಿ ಯಾರೂ ಒಯ್ಯದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಅಂದಿನ ಕಂದಾಯ ಸಚಿವ ಆರ್. ಅಶೋಕ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಸರ್ಜಿಸಿದರು. ಕುಲದ ಜಾಗದಲ್ಲಿ ಕುಲದವರು ಮಾಡಬೇಕಾದದ್ದನ್ನು ಅಂದು ಎಲ್ಲರ ಪರವಾಗಿ ಆಡಳಿತ ಮಾಡಿತು. ಸಾರ್ವಜನಿಕ ಸ್ಮಶಾನ ಎಂಬ ಮಾತಿನ ಪೂರ್ತಿ ಅರ್ಥ ಅದೇ.

ರಾಮನಗರ ಜಿಲ್ಲೆ 2007ರಲ್ಲಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆಯಿತು. ಹೆಸರಿನ ಹಿಂದೆಯೇ ನೆಲದ ಬೆಲೆಯೂ ಏರುತ್ತದೆ. ಬೆಲೆ ಏರಿದಷ್ಟೂ ‘ಬಿ’ ಖರಾಬಿನ ಮೇಲೆ ಕಣ್ಣು ಬೀಳುತ್ತದೆ. ಬಾಡಿಗೆ ಮನೆಗಳಿಗೆ ಬರುವ ಪರಊರಿನ ದುಡಿಯುವ ಜನ ಹೆಚ್ಚುತ್ತಾರೆ. ಅವರಿಗೆ ಇಲ್ಲಿ ಹೊಲವಿಲ್ಲ, ಕುಲದ ಸ್ಮಶಾನವಿಲ್ಲ. ಆದ್ದರಿಂದ ಪ್ರತಿ ಊರ ಸ್ಮಶಾನದ ಸರ್ವೆ ನಡೆದು ಎಲ್ಲೆಕಲ್ಲು ನೆಡುವುದು, ಹಳೆಯ ವಹಿಗಳನ್ನು ಗೆದ್ದಲಿಗೆ ಬಿಡದೆ ಪ್ರತಿಮಾಡಿಸಿ ಉಳಿಸುವುದು ತಡಮಾಡಬಾರದ ಕೆಲಸಗಳು.

ಗುಂಡಿಗೆ ದೇಹ ಇಳಿಸಿದ ಮೇಲೆ ಬಂದವರೆಲ್ಲ ಮೂರು ಹಿಡಿ ಮಣ್ಣು ಹಾಕುತ್ತಾರೆ. ಆ ಮಣ್ಣು ಹಾಕಲು ನೆಂಟನಾಗಿರಬೇಕಿಲ್ಲ, ಜಾತಿಯವನಾಗಿರಬೇಕಿಲ್ಲ. ‘ಎಲ್ಲಿ ಮಣ್ಣು?’ ಎಂದು ಕೇಳಿದಾಗ ಯಾರ ಮನೆಯ ಬಾಗಿಲಲ್ಲೂ ಉತ್ತರ ತಡವರಿಸಬಾರದು. ಅಷ್ಟನ್ನು ಖಾತ್ರಿಪಡಿಸಿದ ಊರು ತನ್ನ ಪಾಲಿನ ಮೂರು ಹಿಡಿ ಮಣ್ಣನ್ನು ಹಾಕಿದಂತೆ.