ಹಲಗಲಿಯ ಆಯುಧ, ಇಂದಿನ ಏರ್ ರೈಫಲ್

ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದದ್ದು ನಿಶ್ಶಸ್ತ್ರೀಕರಣ ಕಾಯ್ದೆಯ ಕಾರಣಕ್ಕೆ. ಬೇಟೆಯನ್ನೇ ನೆಚ್ಚಿದವರಿಗೆ ಆಯುಧವೆಂದರೆ ಅನ್ನ, ಮಾನ ಎರಡೂ. ಅದನ್ನು ಒಪ್ಪಿಸಲು ನಿರಾಕರಿಸಿದ್ದಕ್ಕೆ ಊರು ಬೆಂಕಿಗೆ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಬಂಡುಕೋರರನ್ನು ಗಲ್ಲಿಗೇರಿಸಿದರು. ದಂಗೆಯ ಮುಂದಾಳುಗಳಾದ ಜಡಗ, ಬಾಲ, ಹನುಮ, ರಾಮರ ಹೆಸರು ಲಾವಣಿಯಲ್ಲಿ ಉಳಿಯಿತು.

ಈ ನೆನಪನ್ನೇ ಮುಂದಿಟ್ಟು, ಮೊಲ, ಕೌಜುಗಗಳಿಗೆ ಏರ್ ರೈಫಲ್ ಹಿಡಿಯುವುದೂ ಪರಂಪರೆಯೇ ಎಂದು ಯಾರಾದರೂ ವಾದಿಸಬಹುದು. ಮೊದಲ ನೋಟಕ್ಕೆ ಆ ಯಂತ್ರ ಮನಸೆಳೆಯುತ್ತದೆ, ನಿಜ: ನಳಿಗೆ ಬಾಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ, ಕುದುರೆ ಎಳೆದರೆ ಒತ್ತಿದ ಗಾಳಿ 4.5 ಮಿ.ಮೀ. ಸೀಸದ ಗುಂಡನ್ನು ತಳ್ಳುತ್ತದೆ, ಮದ್ದಿಲ್ಲ, ಹೊಗೆಯಿಲ್ಲ. 2016ರ ಆಯುಧ ನಿಯಮಗಳಂತೆ ಕಡಿಮೆ ಶಕ್ತಿಯವಕ್ಕೆ ಪರವಾನಗಿಯೂ ಬೇಡ. ಆದರೆ ಆ ವಿನಾಯಿತಿ ಬೇಟೆಗೆ ಕೊಟ್ಟ ಅನುಮತಿಯಲ್ಲ. 1857ರ ಕಾಯ್ದೆ ಆಳುವವರ ಭಯದಿಂದ ಹುಟ್ಟಿತು. ಬೇಟೆಯನ್ನು ತಡೆಯುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಟ್ಟಿದ್ದು ಪ್ರಾಣಿಗಳು ಕಣ್ಮರೆಯಾಗುವ ಭಯದಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹಲಗಲಿಯವರಿಗೆ ಮಾಡುವ ಅನ್ಯಾಯ. ಬೇಟೆ ನಿಂತರೆ ಸಂಸ್ಕೃತಿಯೇ ಅಳಿಯುತ್ತದೆ ಎನ್ನುವವರು ಮುಧೋಳ ನಾಯಿಯನ್ನು ನೋಡಲಿ: ಮೊಲದ ಬೆನ್ನಟ್ಟುತ್ತಿದ್ದ, ಘೋರ್ಪಡೆ ಅರಸರು ಪೋಷಿಸಿದ ಆ ತಳಿಯನ್ನು ಭಾರತೀಯ ಸೇನೆಯೇ ತರಬೇತಿಗೆ ಆರಿಸಿಕೊಂಡಿತು. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿಯ ಕುರುಚಲು ಕಾಡು 2016ರಲ್ಲಿ ಚಿಂಕಾರ ಹುಲ್ಲೆಗಳ ವನ್ಯಜೀವಿಧಾಮವಾಯಿತು. ಅಲ್ಲಿ ಏರ್ ರೈಫಲಿನಿಂದ ಒಂದು ಮೊಲ ಹೊಡೆದರೂ ಅದು ಅಪರಾಧವೇ.