ನಹಾನಿ ಟ್ರ್ಯಾಪ್ ಪುರಾಣ ಅರ್ಥಾತ್ ಪುಣೆಯ ಸೋರಿಕೆಯ ಇತಿಹಾಸ

ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ 'ನಹಾನಿ ಟ್ರ್ಯಾಪ್ ಕೊಡಿ' ಎಂದು ಕೇಳಿ, ಕೊಡುತ್ತಾರೆ. ನಮ್ಮ ವಿಜಯಪುರದಲ್ಲಿ ಕೇಳಿದರೂ ಸಿಗುತ್ತದೆ. ಬಚ್ಚಲಿನ ಮೂಲೆಯಲ್ಲಿ ಜಾಲರಿಯ ಕೆಳಗೆ ಕೂತಿರುವ ಬಾಗಿದ ಕೊಳವೆ ಅದು. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಗಟಾರದ ವಾಸನೆ, ಜಿರಲೆ ಎರಡನ್ನೂ ತಡೆಯುವುದು ಆ ಅಂಗೈಯಷ್ಟು ನೀರೇ. ನಹಾನಿ ಎಂದರೆ ಯಾವನೋ ಸಂಶೋಧಕನ ಹೆಸರಲ್ಲ ಮಾರಾಯ್ರೇ! ಮರಾಠಿಯಲ್ಲಿ 'ನ್ಹಾಣಿ' ಎಂದರೆ ಸ್ನಾನದ ಜಾಗ, ನಮ್ಮ ಬಚ್ಚಲು. ಇಲ್ಲಿಯವರ ಮನೆಯ ಮಾತು ದೇಶದ ಪ್ಲಂಬರುಗಳ ಬಾಯಲ್ಲೆಲ್ಲ ಕೂತುಬಿಟ್ಟಿದೆ.

ನಾನು ಬಿ.ಕಾಂ. ಓದಿ ಬ್ಯಾಂಕ್ ಸೇರಿದವನು, ಎಂಜಿನಿಯರ್ ಅಲ್ಲ. ಆದರೆ ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿ ಒಂದು ಅಲಿಖಿತ ನಿಯಮವಿದೆ: ಬ್ಯಾಂಕಿನವರು ಕಂಡರೆ ಖಜಾಂಚಿ ಮಾಡಿಬಿಡುವುದು. ಹಾಗಾಗಿ ಹಲವು ವರ್ಷಗಳಿಂದ ನಾನು ನೋಡಿದ ಸಭೆಗಳಲ್ಲಿ ಅರ್ಧ ಹೊತ್ತು ಹೋಗುವುದು ಒಂದೇ ಜಗಳಕ್ಕೆ. ಮೇಲಿನವರ ಬಚ್ಚಲು ಕೆಳಗಿನವರ ತಲೆಯ ಮೇಲೆ ಸೋರುತ್ತಿದೆ! ಇಪ್ಪತ್ತು ವರ್ಷ ಒಟ್ಟಿಗೆ ಗಣಪತಿ ಕೂರಿಸಿದವರು ಈ ಒಂದು ಕಾರಣಕ್ಕೆ ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ಈ ಜಗಳ ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತಾ ಹೋದರೆ ಪೇಶ್ವೆಯವರ ಕಾಲಕ್ಕೆ ಹೋಗಬೇಕಾಗುತ್ತದೆ.

1750ರ ಆಸುಪಾಸು ನಾನಾಸಾಹೇಬ ಪೇಶ್ವೆ ಕಾತ್ರಜ್ ಕೆರೆಯಿಂದ ಶನಿವಾರ ವಾಡೆಯವರೆಗೆ ನೆಲದೊಳಗೆ ಕಲ್ಲಿನ ಕಾಲುವೆ ಕಟ್ಟಿಸಿದರು. ಪಂಪಿಲ್ಲ, ಏನಿಲ್ಲ, ಬರೀ ಇಳಿಜಾರಿನ ಮೇಲೆ ನೀರು ಊರೊಳಗೆ ಬರುತ್ತಿತ್ತು. ದಾರಿಯುದ್ದಕ್ಕೂ ಗಾಳಿಯಾಡಲು, ಒಳಗಿಳಿದು ಹೂಳು ತೆಗೆಯಲು ಬಾಯಿಗಳಿದ್ದವು. ಅವಕ್ಕೆ 'ಉಚ್ಛ್ವಾಸ' ಎಂದು ಹೆಸರು, ಎಷ್ಟು ಚೆನ್ನಾಗಿದೆ ನೋಡಿ. ವಿಜಯಪುರದವನಾದ ನನಗೆ ಇದನ್ನು ಓದಿದಾಗ ನಮ್ಮೂರ 'ಗಂಜ್' ಗೋಪುರಗಳು ನೆನಪಾದವು. ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಗಳಲ್ಲಿ ಬರುವ ನೀರಿನ ಒತ್ತಡ ತಗ್ಗಿಸಿ ಹೂಳು ಕೂರಿಸಲು ಅವನ್ನು ಕಟ್ಟಿದ್ದರು. ನೀರಿನ ಕೊಳವೆಗೆ ಉಸಿರಾಟ ಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಇಂದು ನಮ್ಮ ಕಟ್ಟಡಗಳ ತಾರಸಿಯ ಮೇಲೆ ನಿಂತಿರುವ ವೆಂಟ್ ಪೈಪ್ ಮಾಡುವುದೂ ಅದನ್ನೇ. ಅದು ಮುಚ್ಚಿಹೋದರೆ, ಯಾರೋ ಜೋರಾಗಿ ಫ್ಲಶ್ ಮಾಡಿದಾಗ ನಹಾನಿ ಟ್ರ್ಯಾಪಿನ ನೀರನ್ನು ಕೊಳವೆಯೇ ಎಳೆದುಕೊಂಡುಬಿಡುತ್ತದೆ. ಆಮೇಲೆ ಮನೆಯೆಲ್ಲ ವಾಸನೆ. 'ಚಂದ ಕಾಣೋದಿಲ್ಲ' ಎಂದು ಆ ಪೈಪಿನ ಬಾಯಿಗೆ ಡಬ್ಬಿ ಮುಚ್ಚುವ ಮಹನೀಯರು ಎಲ್ಲ ಸೊಸೈಟಿಗಳಲ್ಲೂ ಇರುತ್ತಾರೆ.

ಕಾಲುವೆಯ ನೀರು ಊರಿನ ಹೌದುಗಳಿಗೆ ಬೀಳುತ್ತಿತ್ತು. ಅಲ್ಲಿಂದ ಕೊಡದಲ್ಲಿ ಮನೆಗೆ. ಹಳೆಯ ವಾಡೆಗಳಲ್ಲಿ ನಡುವೆ ಚೌಕ, ಸುತ್ತ ಕೋಣೆಗಳು. ನೀರಿನ ಕೆಲಸವೆಲ್ಲ ಚೌಕದಲ್ಲಿ ಅಥವಾ 'ಮೋರಿ'ಯಲ್ಲಿ. (ಕನ್ನಡದಲ್ಲಿ ಮೋರಿ ಎಂದರೆ ಚರಂಡಿ, ಮರಾಠಿಯಲ್ಲಿ ಪಾತ್ರೆ ತೊಳೆಯುವ, ಸ್ನಾನ ಮಾಡುವ ಮೂಲೆ. ಹೊಸದಾಗಿ ಬಂದ ಕನ್ನಡಿಗರಿಗೆ 'ಮೋರಿಯಲ್ಲಿ ಪಾತ್ರೆ ಇಡಿ' ಎಂದರೆ ಗಾಬರಿ!) ಕಲ್ಲು ಹಾಸಿದ ನೆಲದ ಮೇಲೆ ಎಷ್ಟು ಕೊಡ ಸುರಿದರೂ ನೀರು ಭೂಮಿಗೇ ಹೋಗುತ್ತಿತ್ತು. ಮಹಡಿಯ ನೆಲ ಮರ ಮತ್ತು ಮಣ್ಣಿನದು, ಅಲ್ಲಿ ನೀರು ಚೆಲ್ಲುವ ಪ್ರಶ್ನೆಯೇ ಇಲ್ಲ. ಅಂದರೆ ಮನೆಯಲ್ಲಿ ಒದ್ದೆಯ ಭಾಗ, ಒಣ ಭಾಗ ಎಂದು ಎರಡಿದ್ದವು.

ಆ ವ್ಯವಸ್ಥೆಯನ್ನು ಹೊಗಳಿ ಸುಮ್ಮನಾಗಲು ಮನಸ್ಸಾಗುವುದಿಲ್ಲ. ಶೌಚದ ಜಾಗ ವಾಡೆಯ ಹಿಂದೆ ಇರುತ್ತಿತ್ತು, ಅದನ್ನು ಹೊತ್ತು ಸಾಗಿಸಲು ಒಂದು ಜಾತಿಯ ಜನರನ್ನೇ ನೇಮಿಸಿದ್ದರು. ಮನೆ ಒಣಗಿ ಸ್ವಚ್ಛವಾಗಿದ್ದುದರಲ್ಲಿ ಅವರ ತಲೆಯ ಮೇಲಿನ ಬುಟ್ಟಿಯ ಪಾಲೂ ಇದೆ. ಆ ಜನರಿಗೆ ಹೌದಿನ ನೀರು ಮುಟ್ಟುವ ಹಕ್ಕೂ ಇರಲಿಲ್ಲ. ಮಹಾತ್ಮಾ ಜ್ಯೋತಿಬಾ ಫುಲೆ 1868ರಲ್ಲಿ ತಮ್ಮ ಮನೆಯ ಹೌದನ್ನು ಅವರಿಗೆ ತೆರೆದದ್ದು ಇದೇ ಪುಣೆಯಲ್ಲಿ.

ಮುಂದೆ ಖಡಕವಾಸಲಾ ಅಣೆಕಟ್ಟು ಬಂತು, ನಲ್ಲಿ ಬಂತು. ನಮ್ಮ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲೇ, ಅವರ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಮೊದಲು ಕೂರಿಸಿದ್ದೂ ಖಡಕವಾಸಲಾದಲ್ಲೇ. ಇಲ್ಲಿಯ ಕನ್ನಡಿಗರು ಇದನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಎದೆಯುಬ್ಬಿಸುತ್ತೇವೆ, ಇರಲಿ.

1961ರ ಜುಲೈ 12ರಂದು ಪುಣೆಯ ಬದುಕೇ ಬದಲಾಯಿತು. ಇನ್ನೂ ಕೆಲಸ ಮುಗಿಯದ ಪಾನಶೇತ್ ಅಣೆಕಟ್ಟು ಒಡೆಯಿತು, ಆ ನೀರಿನ ಹೊಡೆತಕ್ಕೆ ಖಡಕವಾಸಲಾ ಕೂಡ ಒಡೆಯಿತು. ನದಿಯ ದಡದ ಪೇಠೆಗಳಲ್ಲಿ ಮಣ್ಣು, ಮರದ ವಾಡೆಗಳು ಕರಗಿ ಕುಸಿದವು. ಮನೆ ಕಳೆದುಕೊಂಡವರಿಗಾಗಿ ಊರಾಚೆ ಹೊಸ ಕಾಲೊನಿಗಳು ಎದ್ದವು. ಉಳಿದ ವಾಡೆಗಳನ್ನು ಬಾಡಿಗೆ ಕಾಯ್ದೆ ತಿಂದಿತು. 1947ರ ಕಾಯ್ದೆಯಿಂದ ಬಾಡಿಗೆ ಹೆಪ್ಪುಗಟ್ಟಿ ಮಾಲೀಕರು ಒಂದು ಹಂಚನ್ನೂ ಬದಲಿಸಲಿಲ್ಲ. ಹಾಗಾಗಿ ಒಂದೊಂದೇ ವಾಡೆ ಹೋಗಿ ಆ ಜಾಗದಲ್ಲಿ ಫ್ಲ್ಯಾಟುಗಳು ಬಂದವು.

ವಾಡೆಯ ಚೌಕ ಹೋಯಿತು, ಆದರೆ ಚೌಕದ ಅಭ್ಯಾಸಗಳು ನಮ್ಮ ಜೊತೆಗೆ ಮೂರನೇ ಮಹಡಿ ಹತ್ತಿದವು. ನಾಲ್ಕೈದು ಇಂಚು ದಪ್ಪದ ಸ್ಲ್ಯಾಬು, ಅದರ ಕೆಳಗೆ ಭೂಮಿಯಲ್ಲ, ಇನ್ನೊಬ್ಬರ ದೇವರಮನೆ! ಬಿಲ್ಡರ್ ನೀರು ತಡೆಯುವ ಪದರ ಹಾಕುವುದು ಸಾಮಾನ್ಯವಾಗಿ ಬಚ್ಚಲು, ಶೌಚಾಲಯ, ತಾರಸಿಗೆ ಮಾತ್ರ. ಹಾಲು, ಅಡುಗೆಮನೆಗೆ ಇಲ್ಲ. ನಾವೋ, ಹಬ್ಬ ಬಂತೆಂದರೆ ಬಕೆಟ್ಟುಗಟ್ಟಲೆ ಸುರಿದು ಇಡೀ ಮನೆ ತೊಳೆಯುವವರು. ಟೈಲ್ಸ್ ಸಂದಿನಿಂದ ಇಳಿದ ನೀರು ಸ್ಲ್ಯಾಬಿನೊಳಗಿನ ಕಬ್ಬಿಣ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಲವು ಪಟ್ಟು ಉಬ್ಬುತ್ತದೆ, ಕೆಳಗಿನ ಮನೆಯ ಪ್ಲಾಸ್ಟರ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಬಿಳಿ ಕಲೆ ಹೋಗಲೆಂದು ಬಚ್ಚಲಿಗೆ ಆಸಿಡ್ ಸುರಿಯುವುದು ಇನ್ನೊಂದು ಖಯಾಲಿ. ಕಲೆಯ ಜೊತೆ ಟೈಲ್ಸ್ ಸಂದಿನ ಸಿಮೆಂಟನ್ನೂ ಅದು ತಿನ್ನುತ್ತದೆ. ಬಚ್ಚಲಿನ ಸ್ಲ್ಯಾಬನ್ನು ಒಂದಡಿಯಷ್ಟು ತಗ್ಗಿಸಿ, ಅದರಲ್ಲಿ ಕೊಳವೆ ಮಲಗಿಸಿ, ಮೇಲೆ ತುಂಬಿಸಿರುತ್ತಾರಲ್ಲ, ಸಂದಿನಿಂದ ಇಳಿದ ನೀರಿಗೆ ಆ ತಗ್ಗು ಕಾಣದ ತೊಟ್ಟಿ. ತಿಂಗಳುಗಟ್ಟಲೆ ಅಲ್ಲಿ ನಿಂತು ಆಮೇಲೆ ಕೆಳಗೆ ಕಾಣಿಸಿಕೊಳ್ಳುತ್ತದೆ.

ನಮ್ಮ ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ನೀರು ತುಂಬುವ ಹಬ್ಬವಿದೆ. ಹಂಡೆ ತೊಳೆದು, ತುಂಬಿ, ಪೂಜೆ ಮಾಡಿ, ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ಊರಿನ ಹಿತ್ತಲಲ್ಲಿ ಆ ಎಣ್ಣೆ, ಕಡಲೆಹಿಟ್ಟು ಬಾಳೆಗಿಡದ ಬುಡಕ್ಕೆ ಹೋಗುತ್ತಿತ್ತು. ಇಲ್ಲಿ ನಹಾನಿ ಟ್ರ್ಯಾಪಿನಲ್ಲಿ ಕೂದಲಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ದೀಪಾವಳಿ ಮುಗಿದ ವಾರ ಪ್ಲಂಬರುಗಳು ಫೋನ್ ಎತ್ತುವುದಿಲ್ಲ! ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಹೋದರೆ ಟ್ರ್ಯಾಪಿನ ನೀರು ಆವಿಯಾಗಿ ಮನೆ ನಾರುತ್ತದೆ, ಹಿಂತಿರುಗಿದ ತಕ್ಷಣ ಒಂದು ತಂಬಿಗೆ ನೀರು ಹಾಕಿದರೆ ಸಾಕು.

ಇನ್ನು ತಾರಸಿ. ಇಲ್ಲಿ ಬಳಕೆಯಲ್ಲಿರುವುದು 'ಕೋಬಾ'. ಇಟ್ಟಿಗೆ ಚೂರುಗಳನ್ನು ಇಳಿಜಾರಾಗಿ ಹೊಂದಿಸಿ, ಗಾರೆ ತುಂಬಿ, ಮೇಲೆ ಸಿಮೆಂಟು ಸವರಿ, ಹಸಿಯಿರುವಾಗಲೇ ಹಗ್ಗ ಒತ್ತಿ ಚೌಕುಳಿ ಗೆರೆ ಮೂಡಿಸುತ್ತಾರೆ. ನಮ್ಮ ಕಡೆಯ ಮದ್ರಾಸ್ ತಾರಸಿಯಲ್ಲಿ ಅಳಲೆಕಾಯಿ, ಬೆಲ್ಲದ ನೀರು ಸೇರಿಸಿದ ಸುಣ್ಣದ ಗಾರೆಯನ್ನು ದಿನಗಟ್ಟಲೆ ಬಡಿಯುತ್ತಿದ್ದರು, ಅದರ ದೂರದ ತಮ್ಮ ಇದು ಎನ್ನಬಹುದು. ಹತ್ತಾರು ವರ್ಷ ಬಾಳುತ್ತದೆ, ಬಾಳಲು ಬಿಟ್ಟರೆ. ನಾವು ಅದಕ್ಕೆ ಪೆಂಡಾಲಿನ ಗೂಟ, ಡಿಶ್ ಆಂಟೆನಾದ ಬೋಲ್ಟು ಹೊಡೆಯುತ್ತೇವೆ. ಟ್ಯಾಂಕು ತುಂಬಿ ಹರಿಯುತ್ತಿದ್ದರೂ ಪಂಪು ನಿಲ್ಲಿಸುವುದಿಲ್ಲ. ಸೋರಿದಾಗ ಅತಿ ಕಡಿಮೆ ಕೊಟೇಶನ್ ಕೊಟ್ಟವರಿಂದ ಹಳೆಯದರ ಮೇಲೇ ಇನ್ನೊಂದು ಕೋಬಾ. ಹಳೆಯದನ್ನು ಕಿತ್ತು ಹಾಕಿಸಿ ಎಂದು ಖಜಾಂಚಿಯಾದ ನಾನೇ ಹೇಳುತ್ತೇನೆ, ಖರ್ಚು ಹೆಚ್ಚಾದರೂ ಸರಿ. ಸ್ಲ್ಯಾಬು ಎಷ್ಟು ಭಾರ ಅಂತ ಹೊರಬೇಕು?

ಖರ್ಚು ಯಾರದು ಎನ್ನುವುದಕ್ಕೆ ಉತ್ತರವಿದೆ. ಮಹಾರಾಷ್ಟ್ರದ ಮಾದರಿ ಬೈಲಾ ಪ್ರಕಾರ ಮಳೆನೀರಿನ ಸೋರಿಕೆ, ಹೊರಗಿನ ಸಾಮೂಹಿಕ ಕೊಳವೆಯ ಸೋರಿಕೆ ಸೊಸೈಟಿಯ ಜವಾಬ್ದಾರಿ. ಫ್ಲ್ಯಾಟಿನ ಒಳಗಿನ ಬಚ್ಚಲು, ಶೌಚಾಲಯದ ಸೋರಿಕೆ ಆ ಸದಸ್ಯರದ್ದು. ಹೊಸ ಕಟ್ಟಡವಾದರೆ 2016ರ ರೇರಾ ಕಾಯ್ದೆಯಂತೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಂಡ ಕಾಮಗಾರಿ ದೋಷವನ್ನು ಬಿಲ್ಡರ್ 30 ದಿನಗಳಲ್ಲಿ ಪುಕ್ಕಟೆ ಸರಿಪಡಿಸಬೇಕು. ದೂರು ಬರವಣಿಗೆಯಲ್ಲಿ ಕೊಟ್ಟು ಸಹಿ ಪಡೆಯಿರಿ, ಬಾಯಿಮಾತು ಬೇಡ.

ಸೋರಿಕೆ ಬಚ್ಚಲಿನದೇ ಹೌದೋ ಎಂದು ತಿಳಿಯಲು ಗೋಡೆ ಒಡೆಯುವ ಮೊದಲು ಒಂದು ಸರಳ ಪರೀಕ್ಷೆ ಇದೆ. ಮೇಲಿನ ಮನೆಯ ನಹಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ಹೊಸ್ತಿಲಿಗೆ ಅಡ್ಡ ಕಟ್ಟಿ, ಒಂದೆರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದು ಎರಡು ದಿನ ಬಿಡುವುದು. ಕೆಳಗೆ ಒದ್ದೆ ಹೆಚ್ಚಿತೇ, ಗೆರೆಯಿಂದ ನೀರು ಇಳಿಯಿತೇ ನೋಡುವುದು. ಆ ಎರಡು ದಿನ ಮೇಲಿನವರು ಕೆಳಗಿನವರ ಮನೆಗೆ ಸ್ನಾನಕ್ಕೆ ಬರಬೇಕಾಗುತ್ತದೆ, ಅದಕ್ಕೆ ಇಬ್ಬರೂ ಒಪ್ಪಿದರೆ.