ಬಾಗಿಲುಗಳ ಲೆಕ್ಕ

ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು ಮೂವರೂ ನಡುಮನೆಯಲ್ಲಿ ದೊಡ್ಡ ಹಾಳೆ ಹರವಿಕೊಂಡು, ಎಲ್ಲಿಯೂ ಇಲ್ಲದ ದೇಶವೊಂದರ ನಕ್ಷೆ ಬರೆದರು. ತಲಾ ಹತ್ತು ಊರು, ಹುಣಸೆ ಬೀಜದ ಸೈನ್ಯ, ದಾಳ ಹಾಕಿ ಯುದ್ಧ. ದೊಡ್ಡವರಿಬ್ಬರು ಮೂಲೆಗಳನ್ನು ಹಿಡಿದರು. ಕಿರಿಯವಳಿಗೆ ನಡುವಿನ ರಾಜ್ಯ. ಮೂರು ಆಟದಲ್ಲೂ ಅವಳೇ ಮೊದಲು ಸೋತಳು. "ಅಜ್ಜೀ, ಇವರು ಮೋಸ ಮಾಡ್ತಾರೆ" ಎಂದು ಅಳುತ್ತಾ ಬಂದಳು.

ಎಣಿಸಿ ನೋಡಿದೆ. ಊರುಗಳೇನೋ ಸಮವೇ. ಆದರೆ ಮೂಲೆಯ ರಾಜ್ಯಗಳಿಗೆ ಹೊರಗಿನಿಂದ ಒಂದೊಂದೇ ದಾರಿ, ಇವಳದಕ್ಕೆ ಐದು!

ಈ ಲೆಕ್ಕ ಹೊಸದಲ್ಲ. ಹುಡುಗನ ಬೆನ್ನು ಹತ್ತಿ ಬರುವ ಕೆಂಪು ಬಲೂನಿನ ಸಿನಿಮಾವನ್ನು 1956ರಲ್ಲಿ ಮಾಡಿದ ಫ್ರಾನ್ಸಿನ ಆಲ್ಬೇರ್ ಲಾಮೊರಿಸ್, ಮರುವರ್ಷವೇ ಲೋಕವನ್ನು ಗೆಲ್ಲುವ ಆಟವೊಂದನ್ನು ಹೊರತಂದ. 1959ರಲ್ಲಿ ಅದು 'ರಿಸ್ಕ್' ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ಅದರ ನಕ್ಷೆಯಲ್ಲಿ 42 ಪ್ರದೇಶ, ಆರು ಖಂಡ. ಖಂಡಕ್ಕೊಂದು ಬಣ್ಣ. ಇಡೀ ಏಷ್ಯಾ ಹಿಡಿದವರಿಗೆ ಸರದಿಗೆ ಏಳು ಹೆಚ್ಚುವರಿ ಸೈನ್ಯ, ಆಸ್ಟ್ರೇಲಿಯಾಕ್ಕೆ ಎರಡೇ. ಹಾಗಿದ್ದರೂ ಪಳಗಿದವರು ಓಡುವುದು ಆಸ್ಟ್ರೇಲಿಯಾದ ಕಡೆಗೆ. ಏಕೆಂದರೆ ಅಲ್ಲಿ ನಾಲ್ಕೇ ಪ್ರದೇಶ, ಕಾಯಬೇಕಾದ ಬಾಗಿಲು ಒಂದೇ. ಏಷ್ಯಾದಲ್ಲಿ ಹನ್ನೆರಡು ಪ್ರದೇಶ, ಕಾವಲಿಗೆ ಐದು ಕಡೆ ನಿಲ್ಲಬೇಕು.

ಹಾಗೆಂದು ಬಾಗಿಲು ಕಡಿಮೆಯಿದ್ದರೆ ಸುಖವೇ? ಅದೇ 1959ರಲ್ಲಿ ಅಮೆರಿಕದ ಆ್ಯಲನ್ ಕ್ಯಾಲ್ಹ್ಯಾಮರ್ ಸ್ವಂತ ಖರ್ಚಿನಿಂದ 500 ಪ್ರತಿ ಮಾಡಿಸಿ ಮಾರಿದ 'ಡಿಪ್ಲೊಮಸಿ' ಆಟವನ್ನು ನೋಡಿ. 1901ರ ಯೂರೋಪಿನ ನಕ್ಷೆ, ಏಳು ರಾಜ್ಯ. ರಷ್ಯಾಕ್ಕೆ ನಾಲ್ಕು ಸೇನಾನೆಲೆ, ಉಳಿದವಕ್ಕೆ ಮೂರು ಮೂರು. ಆಸ್ಟ್ರಿಯಾಕ್ಕೆ ಮೂರು ರಾಜ್ಯಗಳ ಗಡಿ ತಗಲುವುದರಿಂದ ಮೊದಲ ದಿನದಿಂದಲೇ ಭಯ. ಸುತ್ತ ಸಮುದ್ರವಿರುವ ಇಂಗ್ಲೆಂಡು ಕ್ಷೇಮ. ಆದರೆ ಹಡಗಿಲ್ಲದೆ ಹೊಸಿಲು ದಾಟುವಂತಿಲ್ಲ.

ಇದನ್ನು ಯೋಚಿಸುವಾಗ ನನಗೆ ಅಮ್ಮ ನೆನಪಾಗುತ್ತಾಳೆ. ಅಪ್ಪ, ದೊಡ್ಡಪ್ಪ ಪಾಲಾದಾಗ ಹಿರಿಯರು ಹಗ್ಗ ಹಿಡಿದು ಮನೆ ಅಳೆದರು. ಒಂದು ಗೇಣೂ ಹೆಚ್ಚುಕಡಿಮೆಯಾಗಲಿಲ್ಲ. ಬಾವಿ ಮಾತ್ರ ದೊಡ್ಡಪ್ಪನ ಪಾಲಿಗೆ ಹೋಯಿತು. ಅಮ್ಮ ಹದಿನಾರು ವರ್ಷ ಅವರ ಅಂಗಳ ದಾಟಿ ನೀರು ತಂದಳು. ದೊಡ್ಡಮ್ಮ ಮಾತಾಡಿದ ದಿನ ಬೇಗ ಬರುತ್ತಿದ್ದಳು, ಮುಖ ತಿರುಗಿಸಿದ ದಿನ ಇನ್ನೂ ಬೇಗ. "ಅಳತೆ ಸರಿಯಿತ್ತಲ್ಲ" ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಅಳೆದವರಾರೂ ಕೊಡ ಹೊತ್ತವರಲ್ಲ, ನೋಡಿ.

ಮಕ್ಕಳಿಗೆ ಇದನ್ನೆಲ್ಲ ಹೇಳಲಿಲ್ಲ. "ನಕ್ಷೆ ದೊಡ್ಡವನೇ ಬರೆಯಲಿ. ಆದರೆ ರಾಜ್ಯ ಆರಿಸುವಾಗ ಕಿರಿಯವಳು ಮೊದಲು, ಬರೆದವನು ಕೊನೆಗೆ" ಎಂದೆ, ಅಷ್ಟೇ.

ಹುಡುಗ ಪೆನ್ಸಿಲ್ ಕಚ್ಚುತ್ತಾ ಬಹಳ ಹೊತ್ತು ಕುಳಿತ. ಆಮೇಲೆ ನಡುವಿನ ರಾಜ್ಯದ ಎರಡು ಕಡೆ ಬೆಟ್ಟ ಎಬ್ಬಿಸಿದ, ಒಳಗೊಂದು ಕಣಜ ಇಟ್ಟ. ಮೂಲೆಗಳಿಗೆ ಇನ್ನೊಂದು ದಾರಿ ತೆರೆದ. ರಬ್ಬರಿನಿಂದ ಅಳಿಸಿ ಅಳಿಸಿ ಹಾಳೆ ತೂತು ಬೀಳುವಂತಾಗಿತ್ತು.

ಕಿರಿಯವಳು ಮತ್ತೆ ನಡುವಿನ ರಾಜ್ಯವನ್ನೇ ಆರಿಸಿಕೊಂಡಳು.